ನಾನ ಹಾಕಿದ ಟ್ರ್ಯಾಕ್ಟರ್ ವಿಡಿಯೊ, ಈಗ ನನಗ ತಗ್ಯಾಕ ಬರವಲ್ದು

ಕೃಷ್ಣಾ ದಂಡಿ (ಜಮಖಂಡಿ)
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರದೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಅಕ್ಕನ ಮಗ, ಹದಿನಾರು ವರ್ಸದಾಂವ, ಪಿಯುಸಿ ಮೊದಲನೇ ವರ್ಸ. ಹೋದ ವಾರ ನಮ್ಮ ಹೊಲದಾಗ ಕಬ್ಬ ಕಡಿಯೂದಿತ್ತು. ಎರಡ ಟ್ರೇಲರ್ ತುಂಬಿ ನಿಂತಿದ್ವು. ನೆಲ ಇನ್ನೂ ಹಸಿ ಇತ್ತು. ಡ್ರೈವರ್ ಚಾ ಕುಡ್ಯಾಕ ಹೋದಾಗ ನಮ್ಮ ಹುಡುಗ ಏರಿ ಕುಂತ. "ಮಾಮಾ, ವಿಡಿಯೊ ಮಾಡು, ಮುಂದಿನ ಗಾಲಿ ಎತ್ತಿ ತೋರಸ್ತೇನಿ" ಅಂದ. ನಾ ಮೊಬೈಲ್ ತಗದೆ. ಬ್ಯಾಡ ಅನ್ನಲಿಲ್ಲ, ಇದ್ದದ್ದ ಹೇಳ್ತೇನಿ.

ರೇಸ್ ಕೊಟ್ಟು ಕ್ಲಚ್ ಒಮ್ಮೆಲೆ ಬಿಟ್ಟ. ಮುಂದಿನ ಗಾಲಿ ಎದಿ ಮಟ ಎದ್ದು ಧಡಲ್ ಅಂತ ಕೆಳಗ ಬಡೀತು. ಹುಡುಗ ಸೀಟಿಂದ ಪುಟದು ಕೆಸರಾಗ ಬಿದ್ದ. ಟ್ರ್ಯಾಕ್ಟರ್ ಮಾತ್ರ ಹಾಡ ಹಚ್ಚಿಕೊಂಡು ತನ್ನ ಪಾಡಿಗೆ ತಾ ಹೊಂಟಿತು. ಇವ ಮೈತುಂಬ ಕೆಸರ ಮೆತ್ತಿಕೊಂಡು ಅದರ ಬೆನ್ನ ಹತ್ತಿ, ಎತ್ತಿಗಿ ಅಂದಂಗ "ಹೋ... ಹೋ..." ಅಂತ ಕೂಗಿಕೋತ ಓಡ್ಯಾನ. ಒಡ್ಡಿಗಿ ಹಾಯ್ದು ಬಂದ್ ಬಿತ್ತು. ಒಟ್ಟ 22 ಸೆಕೆಂಡ.

ಮನಿ ಗ್ರೂಪಿಗೆ ಹಾಕಿದೆ, ಆಮ್ಯಾಲ ಇನ್‌ಸ್ಟಾಕ ಹಾಕಿದೆ. ಮರುದಿನ ಒಂದ ಕಾಮಿಡಿ ಪೇಜಿನವರು ಎತ್ತಿಕೊಂಡ್ರು. ಅವರಿಂದ ಇನ್ನೊಬ್ರು. ಈಗ ಲಕ್ಷಗಟ್ಲೆ ಮಂದಿ ನೋಡ್ಯಾರ. ವಿಡಿಯೊದಾಗ ಇಲ್ಲದ್ದು ಏನಂದ್ರ, ಹುಡುಗನ ಬಲಗೈ ಮಣಿಕಟ್ಟ ಮುರದೈತಿ. ಕಾಲೇಜಿನ್ಯಾಗ ಅವನ್ನ ನೋಡಿದ್ರ ಸಾಕ "ಹೋ ಹೋ" ಅಂತಾರಂತ. ಮೂರ ದಿನ ಆತು, ಹೋಗವಲ್ಲ. ಅಕ್ಕ ನನ್ನ ಕೂಡ ಮಾತ ಬಿಟ್ಟಾಳ.

ನಂದು ಅಳಿಸೇನಿ. ಉಳದವರದ್ದ ಹೆಂಗ ತಗಸಬೇಕ್ರಿ? ಮತ್ತ ಇನ್ನೊಂದ, ಇಂಥಾ ನಗೂ ವಿಡಿಯೊ ಹಾಕೂದ ತಪ್ಪೇನು? ನನಗಂತೂ ತಿಳೀವಲ್ದಾಗೈತಿ.

ಗುಮ್ಮಟದ ನೆರಳು (ವಿಜಯಪುರ)
ಯಾವ ವಿಡಿಯೊ ಅಂತ ಗೊತ್ತಾತು ಬಿಡ್ರಿ. ನಮ್ಮ ಆಫೀಸ್ ಗ್ರೂಪಿಗೆ ನಾಕ ಸಲ ಬಂದದ. ನಕ್ಕೀನಿ, ಸುಳ್ಳ ಯಾಕ ಹೇಳ್ಲಿ. ಕೈ ಮುರದದ್ದು ಗೊತ್ತಿದ್ದಿಲ್ಲ. ಲಗೂನ ಆರಾಮಾಗ್ಲಿ.

ಡಬಲ್ ಟ್ರೇಲರ್
ಹುಡುಗ ಆರಾಮಾಗ್ಲಿ ಅಣ್ಣಾ. ಆ ಟ್ರ್ಯಾಕ್ಟರಿಗಿ ಸ್ಪೀಕರ್ ಯಾವ ಕಂಪನಿದು? ಬೇಸ್ ಭಾರಿ ಐತಿ.

ಇಳಕಲ್ ಸೆರಗು
ಅಲ್ರೀ, ಹದಿನಾರು ವರ್ಸದ ಹುಡುಗನ್ನ ತುಂಬಿದ ಟ್ರ್ಯಾಕ್ಟರ್ ಮ್ಯಾಲ ಕುಂಡ್ರಿಸಿ ಮೊಬೈಲ್ ಹಿಡಕೊಂಡು ನಿಂತಾಂವ ಸ್ವಾದರಮಾವ. ಈಗ "ತಪ್ಪೇನ್ರಿ" ಅಂತ ಕೇಳಾಕತ್ತೀರಿ. ನಿಮ್ಮ ಅಕ್ಕ ಮಾತ ಬಿಟ್ಟಾಳ ಅಷ್ಟ. ನಾ ಆಗಿದ್ರ ಲಟ್ಟಣಗಿ ತಗೊಂಡು ಬರತಿದ್ದೆ.

ಕೃಷ್ಣಾ ದಂಡಿ (ಜಮಖಂಡಿ)
ಬೈರಿ ಅಕ್ಕಾರ, ಬೈಸಿಕೊಳ್ಳಾಕನ ಬರದೇನಿ.

ಕುಂದಾ ಡಬ್ಬಿ (ಬೆಳಗಾವಿ)
ಬೈಯೂದ ಆಮ್ಯಾಲ, ಮೊದಲ ಕೆಲಸ ನೋಡೂಣು. ವಿಡಿಯೊ ತಗದಾಂವ ನೀವು, ಅಂದ್ರ ಅದರ ಕಾಪಿರೈಟ್ ನಿಮ್ಮದು. ಬರೇ "ರಿಪೋರ್ಟ್" ಒತ್ತಿದ್ರ ಅವರು "ನಮ್ಮ ನಿಯಮ ಮುರದಿಲ್ಲ" ಅಂತ ಹೊಳ್ಳಿ ಕಳಸ್ತಾರ, ನನಗ ಅನುಭವ ಐತಿ. ಕಾಪಿರೈಟ್ ದೂರಿನ ಫಾರ್ಮ್ ಬ್ಯಾರೇನ ಇರತೈತಿ. ಅದರಾಗ ನೀವು ಮೊದಲ ಹಾಕಿದ ತಾರೀಖು, ಒಂದೊಂದ ಪೇಜಿನ ಲಿಂಕು, ಎಲ್ಲಾ ಕೊಡ್ರಿ. ಮೊಬೈಲಿನ್ಯಾಗ ಮೂಲ ಫೈಲ್ ಐತೇನು? ಅದನ್ನ ಮಾತ್ರ ಅಳಸಬ್ಯಾಡ್ರಿ, ನಾಳೆ ಅದ ಸಾಕ್ಷಿ.

ಮತ್ತ 2021ರ ಐಟಿ ನಿಯಮದ ಪ್ರಕಾರ ದೊಡ್ಡ ಕಂಪನಿಗೋಳು ಇಂಡಿಯಾದಾಗ ದೂರು ಅಧಿಕಾರಿ ಇಡಲೇಬೇಕು. ದೂರು ಮುಟ್ಟೇತಿ ಅಂತ 24 ತಾಸಿನ್ಯಾಗ ತಿಳಸಬೇಕು. ಅಲ್ಲಿ ಆಗಲಿಲ್ಲಂದ್ರ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿ ಐತಿ, 2023ರಿಂದ ನಡದೈತಿ, ಆನ್‌ಲೈನ್ ಅರ್ಜಿ.

ನೆಟ್‌ವರ್ಕ್ ಇಲ್ಲ
1930ಕ್ಕ ಫೋನ್ ಹಚ್ಚರಿ, ಸೈಬರ್ ಪೊಲೀಸರು ಒಂದ ನಿಮಿಷದಾಗ ತಗಸ್ತಾರ.

ಕುಂದಾ ಡಬ್ಬಿ (ಬೆಳಗಾವಿ)
@ನೆಟ್‌ವರ್ಕ್ ಇಲ್ಲ, 1930 ರೊಕ್ಕ ಹೊಡಕೊಂಡು ಹೋದಾಗಿನ ನಂಬರ್ ತಮ್ಮಾ. ಬ್ಯಾಂಕಿಂದ ದುಡ್ಡ ಹೋದ್ರ ಹಚ್ಚು. ಇಂಥಾದ್ದಕ್ಕ ಸೈಬರ್ ಕ್ರೈಮ್ ಪೋರ್ಟಲ್‌ನಾಗ ದೂರು ಕೊಡಬೇಕು, ಇಲ್ಲಾ ಸ್ಟೇಷನ್ನಿಗೆ ಹೋಗಬೇಕು.

ಮೈಕ್ ಟೆಸ್ಟಿಂಗ್
ಮೊದಲ ಆ ಕಾಮಿಡಿ ಪೇಜಿನಾಂವಗ ಒಂದ ಮೆಸೇಜ್ ಹಾಕಿ ನೋಡ್ರಿ. ನಾ ಒಂದ ಸಣ್ಣ ಪೇಜ್ ನಡಸ್ತೇನಿ. ಯಾರರ "ನಮ್ಮ ಹುಡುಗ ಅಣ್ಣಾ, ತಗೀರಿ" ಅಂದ್ರ ತಗೀತೇನಿ. ಎಲ್ಲಾರೂ ರಾಕ್ಷಸರಲ್ಲ.

ಇಳಕಲ್ ಸೆರಗು
@ಮೈಕ್ ಟೆಸ್ಟಿಂಗ್, ಕೇಳಿದ ಮ್ಯಾಲ ತಗ್ಯಾವ. ಹಾಕೂಕಿಂತ ಮೊದಲ ಕೇಳಾಕ ಏನ್ ರೋಗ?

ಸ್ಟೇರಿಂಗ್ ಮಾವ (ಮುಧೋಳ)
ಇಪ್ಪತ್ತೆರಡ ವರ್ಸ ಆತ್ರಿ ನಾ ಕಬ್ಬಿನ ಗಾಡಿ ಹೊಡಿಯಾಕತ್ತು. ಇಲ್ಲಿ ಎಲ್ಲಾರೂ ಮೊಬೈಲಿನ ಮಾತ ಆಡಾಕತ್ತೀರಿ, ಟ್ರ್ಯಾಕ್ಟರಿನ ಮಾತ ಯಾರೂ ಆಡವಲ್ರಿ.

ಈ ಗಾಲಿ ಎತ್ತೂದು ಏನಂತ ಹೇಳ್ತೇನಿ ಕೇಳ್ರಿ. ಹಿಂದಿನ ದೊಡ್ಡ ಗಾಲಿ ಕೆಸರಾಗ ಕಚ್ಚಿದ್ರ, ಇಲ್ಲಾ ಬೆನ್ನಿಗಿ ಟನ್‌ಗಟ್ಲೆ ಕಬ್ಬ ಜಗ್ಗಿ ಹಿಡದಿದ್ರ, ಇಂಜಿನ್ನಿನ ತಾಕತ್ತಿಗಿ ಗಾಲಿ ತಿರಗೂದಿಲ್ಲ. ಆ ತಾಕತ್ತ ಎಲ್ಲಿಗರ ಹೋಗಬೇಕಲ್ಲ? ಗಾಲಿ ತಿರಗಲಿಲ್ಲಂದ್ರ ಟ್ರ್ಯಾಕ್ಟರ್ ತಾನ ಎಕ್ಸೆಲ್ ಸುತ್ತ ತಿರಗತೈತಿ, ಮೂತಿ ಮ್ಯಾಲ ಏಳತೈತಿ. ಎದ್ದಂಗ ಎದ್ದಂಗ ತೂಕ ಹಿಂದ ಸರೀತೈತಿ. ಒಂದ ಹದ ದಾಟಿತಂದ್ರ ನೀವು ಕ್ಲಚ್ ತುಳೀರಿ, ದೇವರನ್ನ ನೆನೀರಿ, ಹೊಳ್ಳಿ ಬರೂದಿಲ್ಲ. ಮಗಚಿ ಡ್ರೈವರ್ ಎದಿ ಮ್ಯಾಲ ಸ್ಟೇರಿಂಗ್ ಕುಂಡ್ರತೈತಿ. ಆ ಹದಕ್ಕ ಬರಾಕ ಮುಕ್ಕಾಲ ಸೆಕೆಂಡ ಸಾಕು. ಪೂರಾ ಮಗಚಾಕ ಒಂದೂವರಿ ಸೆಕೆಂಡ. "ಏ" ಅನ್ನೂದರಾಗ ಮುಗದಿರತೈತಿ. ಸರಪಳಿ ಎಕ್ಸೆಲ್‌ಗಿಂತ ಮ್ಯಾಲ ಕಟ್ಟಿ ಜಗ್ಗಿದ್ರ ಇನ್ನೂ ಲಗೂನ ಮಗಚತೈತಿ, ಯಾವಾಗಲೂ ಕೆಳಗಿನ ಹುಕ್ಕಿಗೇ ಹಾಕ್ರಿ.

ಸ್ವೀಡನ್ ದೇಶದಾಗ 1959ರಾಗನ ಹೊಸ ಟ್ರ್ಯಾಕ್ಟರಿಗಿ ತಲಿ ಮ್ಯಾಲ ಕಬ್ಬಿಣದ ಗಟ್ಟಿ ಚೌಕಟ್ಟ ಇರಲೇಬೇಕಂತ ಕಾನೂನ ಮಾಡಿದ್ರಂತ, ಮಗಚಿದ್ರೂ ಮನಶ್ಯಾ ಉಳೀಲಿ ಅಂತ. ನಮ್ಮಲ್ಲಿ ಬಿಸಲಿಗಿ ತಗಡಿನ ಹುಡ್ ಹಾಕಿ ಅದಕ್ಕ ಸ್ಪೀಕರ್ ಜೋತ ಬಿಡ್ತೇವಿ.

ನಿಮ್ಮ ಹುಡುಗ ಬಿದ್ದ ಅಂತ ನಕ್ಕಾರ. ಟ್ರ್ಯಾಕ್ಟರ್ ಹಿಂದಕ್ಕ ಬೀಳಲಿಲ್ಲ ಅಂತ ಮೊದಲ ಬನಶಂಕರಿಗಿ ಕಾಯಿ ಒಡಸ್ರಿ.

ಡಬಲ್ ಟ್ರೇಲರ್
ಮಾವಾರ ಸ್ಪೀಕರಿನ ಮಾತ ತಗದ್ರು. ಅದಕ್ಕ ಕೇಳಾಕತ್ತೇನಿ, ಯಾವ ಕಂಪನಿದು?

ಅಥಣಿ ಎಕ್ಸ್‌ಪ್ರೆಸ್
ಹೊಲದಾಗ ಟ್ರ್ಯಾಕ್ಟರ್ ಹೊಡಿಯಾಕ ಲೈಸೆನ್ಸ್ ಬೇಕಿಲ್ಲ, ಅದೊಂದ ಸಮಾಧಾನ. ಕೇಸ್ ಆಗೂದಿಲ್ಲ, ಹೆದರಬ್ಯಾಡ್ರಿ.

ಕರಿ ಕೋಟು (ಬೆಳಗಾವಿ)
ಅರ್ಧ ಖರೆ. ಮೋಟಾರು ವಾಹನ ಕಾಯ್ದೆ ಲೈಸೆನ್ಸ್ ಕೇಳೂದು ಸಾರ್ವಜನಿಕ ಸ್ಥಳಕ್ಕ. ಸ್ವಂತ ಹೊಲ ಅದರಾಗ ಬರೂದಿಲ್ಲ ಅಂತ ವಾದಾ ಮಾಡಬಹುದು. ಆದ್ರ ಹೊಲ ದಾಟಿ ರಸ್ತಾಕ್ಕ ಗಾಲಿ ಇಟ್ಟ ಕೂಡಲೇ ಕಥಿ ಬ್ಯಾರೆ. ಟ್ರ್ಯಾಕ್ಟರಿಗೆ ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಇರಬೇಕು. ಅಪ್ರಾಪ್ತ ಹೊಡದು ಸಿಕ್ಕಬಿದ್ರ 2019ರ ತಿದ್ದುಪಡಿಯ 199ಎ ಕಲಂ: ಪಾಲಕರಿಗೆ ಇಲ್ಲಾ ಗಾಡಿ ಮಾಲಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿ ನೋಂದಣಿ 12 ತಿಂಗಳು ರದ್ದು, ಆ ಹುಡುಗಗ 25 ವರ್ಷ ತುಂಬೂತನಕ ಲೈಸೆನ್ಸ್ ಇಲ್ಲ. "ಮಾಮಾ ವಿಡಿಯೊ ಮಾಡು" ಅನ್ನೂ ಮಂದಿ ಇದನ್ನ ಓದಬೇಕು. ಸ್ಟಂಟ್ ಮಾಡಿದ್ದಕ್ಕ ನೀವೇ ಸಾಕ್ಷಿ ತಯಾರ ಮಾಡಿ, ನೀವೇ ಊರಿಗೆ ಹಂಚಿರ್ತೀರಿ. ಪೊಲೀಸರಿಗೆ ಕೆಲಸ ಇನ್ನೇನ್ ಉಳೀತು?

ನಿವೃತ್ತ ಪಿ.ಟಿ. ಮಾಸ್ತರ
ಚರ್ಚೆ ಓದಿದೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನು. ಒಂದು ಘಟನೆ ಹೇಳುತ್ತೇನೆ.

ಬೇಸಿಗೆ ರಜೆಯಲ್ಲಿ ನಮ್ಮ ಕಡೆ ಹುಡುಗರೆಲ್ಲ ಬಾವಿಗೆ ಈಜಲು ಹೋಗುತ್ತಾರೆ, ನಾವೂ ಬೆಂಡು ಕಟ್ಟಿಕೊಂಡು ಹಾಗೇ ಕಲಿತವರು. ನನ್ನ ಒಬ್ಬ ವಿದ್ಯಾರ್ಥಿ, ಒಳ್ಳೆಯ ಕಬಡ್ಡಿ ಆಟಗಾರ, ಬಾವಿಯ ಕಟ್ಟೆ ಮೇಲಿಂದ ಲಾಗ ಹಾಕಿ ತಲೆ ಕೆಳಗಾಗಿ ಜಿಗಿದ. ಗೆಳೆಯ ವಿಡಿಯೊ ಮಾಡುತ್ತಿದ್ದ. ಮಳೆಗಾಲದಲ್ಲಿ ಅದೇ ಬಾವಿಗೆ ಅದೇ ಹುಡುಗ ನೂರು ಸಲ ಜಿಗಿದಿದ್ದ. ಏಪ್ರಿಲ್‌ನಲ್ಲಿ ನೀರು ಎಷ್ಟು ಇಳಿದಿದೆ ಎಂದು ನೋಡಿರಲಿಲ್ಲ. ಕುತ್ತಿಗೆಯ ಮೂಳೆ ಮುರಿಯಿತು. ಗೆಳೆಯರು ಗಾಬರಿಯಾಗಿ ರಟ್ಟೆ ಹಿಡಿದು ಎಳೆದು, ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ಕರೆದೊಯ್ದರು. ಕುತ್ತಿಗೆಗೆ ಪೆಟ್ಟಾದವರನ್ನು ಹಾಗೆ ಎತ್ತಬಾರದು. ತಲೆ, ಕುತ್ತಿಗೆ ಅಲುಗದಂತೆ ನೇರವಾಗಿ ಹಿಡಿದು, ಹಲಗೆ ಮೇಲೆ ಮಲಗಿಸಿ, 108ಕ್ಕೆ ಕರೆಮಾಡಬೇಕು. ಅದು ಯಾರಿಗೂ ಗೊತ್ತಿರಲಿಲ್ಲ. ಇಂದು ಆ ಹುಡುಗನಿಗೆ ತುತ್ತು ಬಾಯಿಗಿಡಲು ತಾಯಿಯೇ ಬೇಕು.

2016ರ ನವೆಂಬರ್ 7 ನೆನಪಿದೆಯೇ? ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಿನಿಮಾ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಮೈ ಹುರಿಗೊಳಿಸಿದ್ದ ಸಾಹಸಿಗರು, ಸುತ್ತ ಇಡೀ ಚಿತ್ರತಂಡ. ಆದರೂ ಹೀಗಾಯಿತು. ನಮ್ಮ ಹೊಲದ ಬಾವಿಯ ಹತ್ತಿರ ಯಾರಿರುತ್ತಾರೆ?

ಘಟಪ್ರಭೆ ಹುಡುಗ (ಗೋಕಾಕ)
ಮಾಸ್ತರ್ರ ಮಾತಿಗೆ ನಂದೊಂದ. ಮಳಿಗಾಲದಾಗ ಗೋಕಾಕ ಫಾಲ್ಸಿಗೆ ಬಂದು ನೋಡ್ರಿ. 170 ಅಡಿ ಕೆಳಗ ಕೆಂಪ ನೀರ ಬೀಳತಿರತೈತಿ, ಇಲ್ಲಿ ಬಂಡಿ ತುದಿಗೆ ಚಪ್ಪಲ್ ಹಾಕ್ಕೊಂಡು ಒಂಟಿಗಾಲ ಮ್ಯಾಲ ನಿಂತು ಫೋಟೊ. ಆ ಬಂಡಿ ಮ್ಯಾಲ ಪಾಚಿ ಹೆಂಗಿರತೈತಿ ಅಂದ್ರ ನಮ್ಮೂರ ನಾಯಿ ಸುದ್ದಾ ಅಲ್ಲಿ ಹೋಗೂದಿಲ್ಲ. ಬೈದ್ರ "ನಿಮ್ಮಪ್ಪಂದೇನು ಫಾಲ್ಸು?" ಅಂತಾರ. 2011ರಿಂದ 2017ರ ತನಕ ಸೆಲ್ಫಿ ತಗ್ಯಾಕ ಹೋಗಿ ಸತ್ತವರನ್ನ ಸುದ್ದಿಯೊಳಗಿಂದ ಎಣಿಸಿ ಒಂದ ಸಂಶೋಧನೆ ಮಾಡಿದ್ರು. ಜಗತ್ತಿನ್ಯಾಗ 259 ಮಂದಿ, ಅದರಾಗ 159 ನಮ್ಮ ದೇಶದವರು. ಎಲ್ಲಾಕ್ಕಿಂತ ಹೆಚ್ಚ ನೀರಾಗ ಮುಳಗಿದವರು.

ಮೈಕ್ ಟೆಸ್ಟಿಂಗ್
ಎಲ್ಲಾರೂ ರೀಲ್ಸ್ ರೀಲ್ಸ್ ಅಂತ ಬೈಯಾಕತ್ತೀರಿ. ಒಂದ ಮಾತ ಕೇಳ್ಲಿ? ಕಾರಹುಣ್ಣಿಮಿಗಿ ಕರಿ ಹರಿಯೂದು, ಎತ್ತ ಅಗಸ್ಯಾಗ ನುಗ್ಗಿಸೂದು, ಜಾತ್ರ್ಯಾಗ ಸಂಗ್ರಾಣಿ ಕಲ್ಲ ಎತ್ತೂದು ಇವೆಲ್ಲಾ ಏನು, ಸ್ಟಂಟ್ ಅಲ್ಲೇನು? ಆವಾಗ ಮೊಬೈಲ್ ಇದ್ದಿಲ್ಲ, ಅಷ್ಟ ಫರಕ. 2020ರ ಜೂನ್ ತಿಂಗಳ ಟಿಕ್‌ಟಾಕ್ ಬಂದ್ ಆತು, "ಹುಡುಗರು ಇನ್ನ ಸುಧಾರಸ್ತಾರ" ಅಂದ್ರಿ. ಜುಲೈದಾಗ ರೀಲ್ಸ್ ಬಂತು. ಆ್ಯಪ್ ಬೈದ್ರ ಏನ್ ಬಂತು?

ಸ್ಟೇರಿಂಗ್ ಮಾವ (ಮುಧೋಳ)
ತಮ್ಮಾ, ಕಲ್ಲ ಎತ್ತಾಂವ ಮೊದಲ ಗರಡಿ ಮನ್ಯಾಗ ತಿಂಗಳಗಟ್ಲೆ ತಾಲೀಮ್ ಮಾಡಿರ್ತಾನ. ಸಣ್ಣ ಕಲ್ಲ, ಆಮ್ಯಾಲ ದೊಡ್ಡ ಕಲ್ಲ. ಉಸ್ತಾದ ಹೂಂ ಅನ್ನೂತನಕ ಮುಟ್ಟೂದಿಲ್ಲ. ಜಾತ್ರ್ಯಾಗ ಟ್ರೇಲರ್ ಹಚ್ಚಿ ಟ್ರ್ಯಾಕ್ಟರ್ ರಿವರ್ಸ್ ಹೊಡಿಯೂ ಸ್ಪರ್ಧಾ ಇಡ್ತಾರಲ್ಲ, ಅದರಾಗ ನಾನೂ ಎರಡ ಸಲ ಬಹುಮಾನ ತಗೊಂಡೇನಿ. ಸಾವಕಾಶ, ಗೆರಿ ದಾಟದಂಗ, ಅದು ಕಸಬು. ನೋಡಾಕ ಮಜಾ ಇಲ್ಲ ಅಂತ ಅದನ್ನ ಯಾರೂ ವಿಡಿಯೊ ಮಾಡೂದಿಲ್ಲ, ಅದ ನನ್ನ ಸಿಟ್ಟು.

ಮೈಕ್ ಟೆಸ್ಟಿಂಗ್
ಮುಂದಿನ ಜಾತ್ರಿಗಿ ನಿಮ್ಮ ವಿಡಿಯೊ ನಾ ಮಾಡ್ತೇನಿ ಮಾವಾರ. ಮಾತ ಕೊಟ್ಟೆ.

ಗುಮ್ಮಟದ ನೆರಳು (ವಿಜಯಪುರ)
ನಗಸೂ ವಿಡಿಯೊಕ್ಕ ಮೈ ಮುರಕೊಳ್ಳೂದ ಯಾಕ ಬೇಕ್ರಿ? 2019ರ ಉಪಚುನಾವಣಿ ಟೈಮಿಗೆ ಕಾಗವಾಡದಾಗ ಸಿದ್ದರಾಮಯ್ಯ ಭಾಷಣ ಮಾಡೂವಾಗ ಕೆಳಗ ಕುಂತಾಂವ ಒಬ್ಬ "ಹೌದು ಹುಲಿಯಾ" ಅಂದ. ಎರಡ ಶಬ್ದ! ಇಡೀ ಕರ್ನಾಟಕ ನಕ್ಕಿತು. ಯಾರಿಗೂ ಒಂದ ಗೀರ ಬೀಳಲಿಲ್ಲ. 2018ರಾಗ ಹೊಂಟ ಕಾರಿಂದ ಇಳದು ರಸ್ತಾದಾಗ ಕುಣಿಯೂ ಕಿಕಿ ಚಾಲೆಂಜ್ ಬಂದಾಗ ಮಂದಿ ಕಂಬಕ್ಕ ಹಾಯ್ದು ಬಿದ್ರು, ಪೊಲೀಸರು ಎಚ್ಚರಿಕಿ ಕೊಟ್ರು. ಅದನ್ನ ತೆಲಂಗಾಣದ ಇಬ್ರು ಹಳ್ಳಿ ಹುಡುಗರು ಗದ್ದ್ಯಾಗ ಎತ್ತ ಹೊಡಕೋತ ಕುಣದ್ರು. ಕಾರಿನ ಜಾಗಾದಾಗ ಎತ್ತು, ಮೊಣಕಾಲ ಮಟ ಕೆಸರು. ಅಮೆರಿಕಾದ ಮಂದಿ ಸುದ್ದಾ ನೋಡಿ ನಕ್ಕರು. ತಲಿ ಅಂದ್ರ ಅದು.

ನೆಟ್‌ವರ್ಕ್ ಇಲ್ಲ
ಹೌದು ಹುಲಿಯಾ!

ಅಥಣಿ ಎಕ್ಸ್‌ಪ್ರೆಸ್
ಅಂದಂಗ ಗೋಕಾಕದವರು ಬಂದಾರ. ಕರದಂಟು ಗೋಕಾಕದ್ದ ಚೊಲೊನೋ ಅಮೀನಗಡದ್ದೋ? ಮನ್ಯಾಗ ಜಗಳ ನಡದೈತಿ.

ಘಟಪ್ರಭೆ ಹುಡುಗ (ಗೋಕಾಕ)
ಇದೊಂದ ಪ್ರಶ್ನಾ? ಗೋಕಾಕ.

ಇಳಕಲ್ ಸೆರಗು
ಅಮೀನಗಡ. ಮಾತ ಮುಗೀತು.

ನಿರ್ವಾಹಕ
ಕರದಂಟಿಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ ಹೊಡೆದಾಡಿ.

ಬಂಡಿ ಮ್ಯಾಲಿನ ಮಂಗ್ಯಾ (ಬಾದಾಮಿ)
ನಾ ಮದುವಿ ವಿಡಿಯೊ ಎಡಿಟಿಂಗ್ ಮಾಡಾಂವ, ಒಂದೊಂದ ಫ್ರೇಮ್ ನಿಲ್ಲಿಸಿ ನೋಡೂದ ಚಟಾ. ಕೃಷ್ಣಾ ದಂಡಿ ಅಣ್ಣಾರ, ನಿಮ್ಮ ವಿಡಿಯೊ 17ನೇ ಸೆಕೆಂಡಿಗೆ ನಿಲ್ಲಸ್ರಿ. ಹುಡುಗ ಆಗಲೇ ಬಿದ್ದಾನ, ಟ್ರ್ಯಾಕ್ಟರ್ ಹೊಂಟೈತಿ. ಎಡಕ್ಕ, ಕೆಳಗಿನ ಮೂಲಿಗೆ, ಎರಡನೇ ಟ್ರೇಲರ್ ಬಾಜೂಕ ಬಿಳಿ ಪಟಗಾ ಕಾಣತೈತಿ. ಯಾರೋ ಬಗ್ಗಿ ಕುಂತಾರ. ಗಾಲಿ ಅವರ ಬಾಜೂಕ ಹಾಯ್ದು ಹೋಗತೈತಿ. ಅವರಿಗೇನೂ ಆಗಿಲ್ಲಲ್ಲ? ಯಾರ್ರಿ ಅವರು?

ಗುಮ್ಮಟದ ನೆರಳು (ವಿಜಯಪುರ)
ಈಗ ನೋಡ್ದೆ. ಮೈ ಜುಮ್ ಅಂತು. ನಾಕ ಸಲ ನೋಡಿದ್ರೂ ಕಂಡಿದ್ದಿಲ್ಲ.

ಕುಂದಾ ಡಬ್ಬಿ (ಬೆಳಗಾವಿ)
@ಕೃಷ್ಣಾ ದಂಡಿ?

ಇಳಕಲ್ ಸೆರಗು
ಅಣ್ಣಾ, ಉತ್ತರ ಬರೀರಿ. ಎದಿ ಡವಡವ ಅನ್ನಾಕತ್ತೈತಿ.

ಕೃಷ್ಣಾ ದಂಡಿ (ಜಮಖಂಡಿ)
ನಿನ್ನೆಯಿಂದ ಬರ್ಯಾಕ ಆಗಲಿಲ್ಲ, ಕ್ಷಮಿಸ್ರಿ. ಅದು ನಮ್ಮಪ್ಪ.

ಎಂಬತ್ತರ ಮ್ಯಾಲ ವಯಸ್ಸು, ಕಿವಿ ಮಂದ. ದನಕ್ಕಂತ ಹಸರ ಸೋಗಿ ಆರಸಾಕತ್ತಿದ್ದ. ಅಪ್ಪ ಹೊಲದಾಗ ಅದಾನ ಅನ್ನೂದು ಗೊತ್ತಿತ್ತು, ಎಲ್ಲಿ ಅದಾನ ಅನ್ನೂದ ನೋಡಿರಲಿಲ್ಲ. ಏನೂ ಆಗಿಲ್ರಿ, ಆರಾಮ ಅದಾನ. ಆದ್ರ ನಾ ಆ ವಿಡಿಯೊ ಕಮ್ಮಿ ಅಂದ್ರೂ ಐವತ್ತ ಸಲ ನೋಡೇನಿ. ಹುಡುಗ ಬೀಳೂದು, ಓಡೂದು, ಅಷ್ಟ ನೋಡತಿದ್ದೆ. ನಿಮ್ಮ ಮಾತ ಓದಿ ಮೂಲ ಫೈಲ್ ತಗದು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಟ್ರೇಲರ್ ಗಾಲಿಗೂ ಅಪ್ಪನ ಬೆನ್ನಿಗೂ ನಡುವ ಒಂದ ಮಳ ಜಾಗಾ ಐತಿ. ಗಾಲಿ ದಾಟಿದ ಮ್ಯಾಲ ಅಪ್ಪ ಸೊಂಟ ಹಿಡಕೊಂಡು ಎದ್ದು, ಹೋಗೂ ಟ್ರೇಲರ್ ಕಡೆ ಹೊಳ್ಳಿ ನೋಡ್ತಾನ. ಏನಾತು ಅಂತ ಅವಗ ಗೊತ್ತಾಗಿಲ್ಲ. ಅದ ಹೊತ್ತಿಗೆ ನಾ ನಗೂದು ವಿಡಿಯೊದಾಗ ಸ್ವಚ್ಛ ಕೇಳಸ್ತೈತಿ.

ಸ್ಟೇರಿಂಗ್ ಮಾವ (ಮುಧೋಳ)
ಎರಡ ಕಾಯಿ ಒಡಸ್ರಿ.

ಗುಮ್ಮಟದ ನೆರಳು (ವಿಜಯಪುರ)
ನಾ ಯಾರಾರಿಗಿ ಕಳಸಿದ್ನೋ ಅವರಿಗೆಲ್ಲಾ "ಅಳಸ್ರಿ" ಅಂತ ಮೆಸೇಜ್ ಹಾಕೀನಿ. ಒಬ್ಬಾಂವ "ಯಾಕ, ಚೊಲೊ ಅದಲ್ಲ" ಅಂದ. ಅವಗ 17ನೇ ಸೆಕೆಂಡ್ ತೋರಿಸ್ದೆ. ಸುಮ್ನಾದ.

ಅಥಣಿ ಎಕ್ಸ್‌ಪ್ರೆಸ್
ವಾಟ್ಸಾಪಿನ್ಯಾಗ ಎರಡ ಬಾಣದ ಗುರುತ ಬಂದಿದ್ರ ಒಮ್ಮೆಗೆ ಒಬ್ರಿಗೆ ಅಷ್ಟ ಕಳಸಾಕ ಬರತೈತಿ. ಅಂಥಾದ್ರಾಗೂ ಕುಂತು ಒಬ್ಬೊಬ್ರಿಗೆ ಒತ್ತಿ ಕಳಿಸ್ಯಾರಲ್ರಿ ನಮ್ಮ ಮಂದಿ! ಇಷ್ಟ ಶ್ರಮ ಪರೀಕ್ಷಾಕ್ಕ ಹಾಕಿದ್ರ ಐಎಎಸ್ ಆಗತಿದ್ರು. (ನಾನೂ ಕಳಿಸಿದ್ದೆ. ಈಗ ಅಳಿಸೇನಿ.)

ಕೃಷ್ಣಾ ದಂಡಿ (ಜಮಖಂಡಿ)
ಒಂದ ವಾರದ ಮ್ಯಾಲ ಬಂದೇನಿ. ಕುಂದಾ ಡಬ್ಬಿ ಅಣ್ಣಾರ ಹೇಳಿದಂಗ ಕಾಪಿರೈಟ್ ದೂರು ಕೊಟ್ಟೆ. ನಾಕ ಪೇಜಿನ್ಯಾಗ ಮೂರು ಹೋದ್ವು. ಒಂದ ಪೇಜಿನಾಂವ ಮೆಸೇಜ್ ಮಾಡಿದ್ದಕ್ಕ ತಾನ ತಗದ, ಪಾಪ ಕ್ಷಮಾ ಸುದ್ದಾ ಕೇಳಿದ. ಮಂದಿ ಮೊಬೈಲಿನ್ಯಾಗ ಇದ್ದದ್ದು ಹಂಗ ಐತಿ, ಅದಕ್ಕ ಏನೂ ಮಾಡಾಕ ಬರೂದಿಲ್ಲ. ಹುಡುಗ ಮೊನ್ನೆಯಿಂದ ಕಾಲೇಜಿಗಿ ಹೊಂಟಾನ. ಅಕ್ಕ ಇನ್ನೂ ನನಗ ಚಾ ಕೊಡೂವಾಗ ಕಪ್ಪ ಕುಕ್ಕಿ ಇಡ್ತಾಳ.

ಇನ್ನೊಂದ. ಮನ್ಯಾಗ ಎಲ್ಲಾರೂ ಗುಸುಗುಸು ಮಾಡೂದ ನೋಡಿ ಅಪ್ಪ "ಏನೋಪಾ ಅದು, ನನಗೂ ತೋರಸ್ರಿ" ಅಂತ ಹಟಾ ಹಿಡದ. ತೋರಿಸಿದ್ವಿ. ಮೊಮ್ಮಗ "ಹೋ ಹೋ" ಅಂತ ಓಡಿದ್ದಕ್ಕ ಹಲ್ಲಿಲ್ಲದ ಬಾಯಿ ತುಂಬ ನಕ್ಕ. ಇನ್ನೊಮ್ಮೆ ಹಚ್ಚು ಅಂದ. ಎರಡನೇ ಸಲ ಮೂಲ್ಯಾಗ ಬೊಟ್ಟ ಇಟ್ಟು, "ಈ ಮುದುಕ ಯಾರೋ? ಗಾಡಿ ಬರೂದು ನೋಡವಲ್ಲ. ಬೈದು ಆಚಿಗಿ ಕಳಸಬೇಕಿಲ್ಲೋ ಅವಗ?" ಅಂದ. ಯಾರೂ ಮಾತಾಡಲಿಲ್ಲ. ಹುಡುಗ ಎದ್ದು ಹೊರಗ ಹೋದ.

ಇಳಕಲ್ ಸೆರಗು
ಅಯ್ಯ ಶಿವನ.

ಡಬಲ್ ಟ್ರೇಲರ್
ಅಣ್ಣಾ, ಎಲ್ಲಾ ಓದಿದೆ. ಅಪ್ಪಾರಿಗಿ ನನ್ನ ನಮಸ್ಕಾರ ಹೇಳ್ರಿ. ಕೇಳಬಾರದು, ಆದ್ರೂ ಮೂರನೇ ಸಲ ಕೇಳ್ತೇನಿ... ಸ್ಪೀಕರ್?

ಕೃಷ್ಣಾ ದಂಡಿ (ಜಮಖಂಡಿ)
ಬಿಚ್ಚಿ ಅಟ್ಟಕ್ಕ ಒಗದೇವಿ. ಹುಡುಗ ತಾನ ಒಂದ ಕೈಯಿಂದ ಬಿಚ್ಚಿದ. ಬೇಕಂದ್ರ ಬಂದು ಒಯ್ರಿ.